ಅಪ್‌ಡೇಟ್: ಸೆಸ್ನಾ 172 ಲಾಗ್‌ಬುಕ್ ಗಂಟೆಗಳ ಲೆಕ್ಕ ಕೊನೆಗೂ ಕೂಡಿತು

ಹೋದ ವಾರ ಕೇಳಿದ್ದೆನಲ್ಲ, ಕಲಬುರಗಿಯಲ್ಲಿ ನಾನು ದಾಖಲೆ ನೋಡಿಕೊಳ್ಳುವ ಸೆಸ್ನಾ 172 ಎಂಬ ಚಿಕ್ಕ ವಿಮಾನದ ಗಂಟೆಗಳನ್ನು ಬರೆದಿಡುವ ಲಾಗ್‌ಬುಕ್‌ಗೂ ಕಂಪ್ಯೂಟರ್ ಪಟ್ಟಿಗೂ ಒಂಬತ್ತು ಗಂಟೆ ವ್ಯತ್ಯಾಸ, ಪ್ರತಿ 100 ಗಂಟೆಗೊಮ್ಮೆ ಮಾಡುವ ತಪಾಸಣೆ ಯಾವಾಗ ಬರುತ್ತದೆಂದೇ ತಿಳಿಯುತ್ತಿಲ್ಲ ಅಂತ. ಅದು ಬಗೆಹರಿಯಿತು.

ಎಕ್ಸೆಲ್ ಫಾರ್ಮುಲಾ ಬದಲಿಸಿದ್ದರಿಂದ ಏನೂ ಆಗಲಿಲ್ಲ. ಫಾರ್ಮುಲಾ ಸರಿಯೇ ಇತ್ತು. ಕೆಲಸಕ್ಕೆ ಬಂದದ್ದು 'ಯಾವ ಮೀಟರ್ ನೋಡಿ ಬರೆದಿದ್ದೀರಿ, ಅದನ್ನು ಹುಡುಕಿ' ಎಂದವರ ಸಲಹೆ. ಅವರಿಗೆ ತುಂಬಾ ಥ್ಯಾಂಕ್ಸ್. ಎರಡು ದಿನ ಕೂತು ಹಾಳೆ ಹಾಳೆ ತಿರುವಿದೆ. ವಿಮಾನದಲ್ಲಿ ಗಂಟೆ ಎಣಿಸುವ ಮೀಟರ್ ಎರಡಿವೆ, ಟ್ಯಾಕ್ ಮತ್ತು ಹಾಬ್ಸ್. ಕೆಲವು ದಿನ ಟ್ಯಾಕ್, ಕೆಲವು ದಿನ ಹಾಬ್ಸ್ ಓದಿ ಬರೆದಿದ್ದರು! ಹಾಬ್ಸ್ ಮೀಟರ್ ಎಂಜಿನ್ ಶುರುವಾದಾಗಿನಿಂದ ಗಡಿಯಾರದಂತೆ ಓಡುತ್ತದೆ. ಟ್ಯಾಕ್ ಎಂಜಿನ್ ವೇಗಕ್ಕೆ ತಕ್ಕಂತೆ ಓಡುತ್ತದೆ, ಟ್ಯಾಕ್ಸಿ ಮಾಡುವಾಗ, ಅಂದರೆ ವಿಮಾನ ನೆಲದ ಮೇಲೆ ಚಲಿಸುವಾಗ, ನಿಧಾನ. ಎರಡನ್ನೂ ಬೆರೆಸಿದರೆ ಲೆಕ್ಕ ಹೇಗೆ ಕೂಡೀತು, ಅಲ್ವಾ? ತಪ್ಪು ಅಂಕಿಗಳ ಮೇಲೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದು ಬರೆದು ಎಂಜಿನಿಯರ್ ಸಹಿ ಮಾಡಿದರು. ಅಳಿಸಲೇಬಾರದು, ಹಳೆಯದು ಓದಲು ಸಿಗಬೇಕು.

ಇನ್ನೊಂದು ವಿಷಯವೂ ಸಿಕ್ಕಿತು. ಇಎಲ್‌ಟಿ (ಅಪಘಾತವಾದರೆ ವಿಮಾನ ಎಲ್ಲಿದೆ ಎಂದು ಸಂಕೇತ ಕಳಿಸುವ ಸಾಧನ) ಬ್ಯಾಟರಿಯ ಅವಧಿ ಮುಂದಿನ ತಿಂಗಳೇ ಮುಗಿಯುತ್ತಿದೆ. ಮಳೆಗಾಲದಲ್ಲಿ ವಿಮಾನ ಸುಮ್ನೆ ನಿಂತಿದ್ದರೂ ಆ ತಾರೀಖು ನಿಲ್ಲುವುದಿಲ್ಲ. ಅದಕ್ಕೇ ತಾರೀಖಿನ ಪಟ್ಟಿಯನ್ನು ಬೇರೆಯಾಗಿ ಮಾಡಿ ಗೋಡೆಗೆ ಅಂಟಿಸಿದ್ದೇನೆ.