ಸಹಾಯ ಬೇಕು: ಸಹಾರಾದಲ್ಲಿ ಒಂಟೆ ಸಾಲುಗಳ ಮೇಲೆ ನಡೆದ ವ್ಯಾಪಾರದ ಬಗ್ಗೆ ಕನ್ನಡದಲ್ಲಿ ಏನಾದರೂ ಇದೆಯಾ?

ಎಲ್ಲರಿಗೂ ನಮಸ್ಕಾರ. ಪಿಯುಸಿ ಮಕ್ಕಳಿಗೆ ಪಶ್ಚಿಮ ಆಫ್ರಿಕಾದ ಹಳೆಯ ರಾಜ್ಯಗಳ ಬಗ್ಗೆ ಪಾಠ ಮಾಡಬೇಕಿದೆ. 1324ರಲ್ಲಿ ಹಜ್‌ಗೆ ಹೊರಟ ಮಾಲಿಯ ಮಾನ್ಸಾ ಮೂಸಾ ಕೈರೋದಲ್ಲಿ ಚಿನ್ನ ಹಂಚಿದ ಕಥೆ ಯೂಟ್ಯೂಬ್ ತುಂಬಾ ಇದೆ. ಅದು ಸಾಕು. ನನಗೆ ಬೇಕಿರುವುದು ಅದಕ್ಕೂ ಹಿಂದಿನದು.

ಘಾನಾ ರಾಜ್ಯವನ್ನೇ ನೋಡಿ (ಈಗಿನ ಘಾನಾ ದೇಶ ಅಲ್ಲ, ಇದು ಮಾರಿಟೇನಿಯಾ-ಮಾಲಿ ಕಡೆಯದು). 11ನೇ ಶತಮಾನದಲ್ಲಿ ಸ್ಪೇನ್ ಕಡೆಯ ಅರಬ್ ಭೂಗೋಳ ಲೇಖಕ ಅಲ್-ಬಕ್ರಿ ಬರೆದಂತೆ ಅಲ್ಲಿನ ರಾಜ ಮುಸ್ಲಿಂ ಅಲ್ಲ. ಆದರೆ ಅವನ ಖಜಾಂಚಿ, ದುಭಾಷಿಗಳು, ಹೆಚ್ಚಿನ ಮಂತ್ರಿಗಳು ಮುಸ್ಲಿಮರು. ವ್ಯಾಪಾರಿಗಳಿಗೆ ಬೇರೆಯೇ ಪೇಟೆ, ಅಲ್ಲಿ 12 ಮಸೀದಿ. ಉಪ್ಪು ಹೊತ್ತ ಕತ್ತೆ ರಾಜ್ಯದೊಳಗೆ ಬಂದರೆ 1 ದಿನಾರ್ (ಚಿನ್ನದ ನಾಣ್ಯ) ಸುಂಕ, ಹೊರಗೆ ಹೋದರೆ 2. ಇಷ್ಟೆಲ್ಲಾ ನಡೆಸಲು ಓದು-ಬರಹ ಬಲ್ಲ ಈ ಮುಸ್ಲಿಮರು ಬೇಕಲ್ವಾ? ಹಾಗಾಗಿ ಇಸ್ಲಾಂ ಅರಮನೆಗೆ, ಪೇಟೆಗೆ ಮೊದಲು ಬಂತು, ಹಳ್ಳಿಗಳಿಗೆ ತುಂಬಾ ತಡವಾಗಿ.

ಇಂಥ ಉಪ್ಪು ಬರುತ್ತಿದ್ದ, ಸಹಾರಾದ ಉಪ್ಪಿನ ಗಣಿಯ ಊರು ತಘಾಜಾವನ್ನು 1352ರಲ್ಲಿ ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತಾ ನೋಡಿದ್ದಾನೆ. ಗೋಡೆಗಳು ಉಪ್ಪಿನ ಗಟ್ಟಿಗಳವು, ಸೂರು ಒಂಟೆ ಚರ್ಮದ್ದು. ಅಗೆಯುವವರು ಗುಲಾಮರು. ಇದನ್ನು ಬಿಟ್ಟು ಸುಮ್ನೆ ವೈಭವ ಹೇಳಿದರೆ ಪಾಠ ಅರ್ಧವೇ.

ಸಿಜಿಲ್‌ಮಾಸಾ (ಈಗಿನ ಮೊರಾಕ್ಕೊ), ತಘಾಜಾ, ವಲಾತಾ (ಈಗಿನ ಮಾರಿಟೇನಿಯಾ) ದಾರಿಯ ನಕ್ಷೆ ಕನ್ನಡದಲ್ಲಿ ಯಾರ ಹತ್ತಿರ ಇದೆ? ಸರಳ ಲೇಖನ ಇದ್ದರೂ ಕಳಿಸಿ. ಪಿಡಿಎಫ್ ಆದರೂ ಸರಿ, ಪುಟದ ಫೋಟೋ ಆದರೂ ಸರಿ.