ಅಪ್‌ಡೇಟ್: ಮ್ಯೂಸಿಯಂ ಮಕ್ಕಳ ಸನ್‌ಕ್ಯಾಚರ್ ಕೊನೆಗೂ ಆಯ್ತು
ಹೋದ ತಿಂಗಳು ಕೇಳಿದ್ದೆನಲ್ಲ: ನಮ್ಮೂರ ಮ್ಯೂಸಿಯಂನಲ್ಲಿ 20 ಮಕ್ಕಳಿಗೆ ಸನ್‌ಕ್ಯಾಚರ್ (ಕಿಟಕಿಗೆ ಹಾಕಿದ್ರೆ ಬಿಸಿಲಿಗೆ ಬಣ್ಣ ಬೀಳಿಸೋ ಅಲಂಕಾರ) ಮಾಡಿಸಬೇಕು, ಗೋಂದು ಹಚ್ಚಿದರೆ ಬಣ್ಣದ ಜಿಲೇಟಿನ್ ಪೇಪರ್ ಸುಕ್ಕುಗಟ್ಟುತ್ತೆ, ಏನು ಮಾಡಲಿ ಅಂತ. ಭಾನುವಾರ ಮುಗೀತು. ಗೋಂದು ಬಿಟ್ಟು ಪುಸ್ತಕಕ್ಕೆ ಹಾಕೋ ಪಾರದರ್ಶಕ ಅಂಟುಹಾಳೆ ತಗೊಳ್ಳಿ ಅಂದವರಿಗೆ ದೊಡ್ಡ ಥ್ಯಾಂಕ್ಸ್!

ಮಾದರಿಗೆ ಮೈಸೂರು ಅರಮನೆಯ ಕಲ್ಯಾಣ ಮಂಟಪದ ಫೋಟೊ ಇಟ್ಟಿದ್ದೆ. 1912ರಲ್ಲಿ ಮುಗಿದ ಅರಮನೆ, ನವಿಲುಗಳಿರೋ ಬಣ್ಣದ ಗಾಜಿನ ಚಾವಣಿ. ಇಡೀ ನವಿಲು ಬೇಡ, ಒಂದು ಗರಿ ಸಾಕು ಅಂದೆ. ಕಪ್ಪು ಡ್ರಾಯಿಂಗ್ ಶೀಟಿನಲ್ಲಿ ಗರಿಯ ಚೌಕಟ್ಟನ್ನು ನಾನೇ ಹಿಂದಿನ ರಾತ್ರಿ ಕತ್ತರಿಸಿಟ್ಟಿದ್ದೆ (ಇಪ್ಪತ್ತು! ಹೆಬ್ಬೆರಳು ಇನ್ನೂ ನೋಯ್ತಿದೆ). "ಈ ಕಪ್ಪು ಗೆರೆ ಯಾಕೆ?" ಅಂತ ಒಬ್ಬ ಕೇಳಿದ. ನಿಜವಾದ ಗಾಜಿನ ಕೆಲಸದಲ್ಲಿ ಚೂರುಗಳನ್ನು ಹಿಡಿದಿಡೋಕೆ ನಡುವೆ ಸೀಸದ ಪಟ್ಟಿ ಇರುತ್ತೆ ಅಂದೆ. ಅವನಿಗೆ ಪೆನ್ಸಿಲಿನ ಸೀಸ ನೆನಪಾಯ್ತು, ಅದು ಬೇರೆ ಅಂತ ಬಿಡಿಸಿ ಹೇಳೋಕೆ ಐದು ನಿಮಿಷ.

ಎಲ್ಲಕ್ಕಿಂತ ಖುಷಿಯಾಗಿದ್ದು ಒಬ್ಬಳು ಹುಡುಗಿ ನೀಲಿ ಮೇಲೆ ತಪ್ಪಿ ಹಳದಿ ಅಂಟಿಸಿದಾಗ. ಅಳೋಕೆ ಶುರು ಮಾಡಿದ್ಲು. ಕಿಟಕಿಗೆ ಹಿಡಿದು ನೋಡಿದ್ರೆ ಹಸಿರು! ಆಮೇಲೆ ಎಲ್ಲರೂ ಬೇಕಂತಲೇ "ತಪ್ಪು" ಮಾಡಿದ್ರು.

ಎಡವಟ್ಟು ಒಂದೇ, ಹನ್ನೊಂದಕ್ಕೆ ಮೋಡ ಕವಿದು ಬಿಸಿಲೇ ಇಲ್ಲ. ಮೊಬೈಲ್ ಟಾರ್ಚ್ ಹಿಡಿದು ಗೋಡೆ ಮೇಲೆ ಬಣ್ಣ ಬೀಳಿಸಿದ್ವಿ. ಉಳಿದ ಅಂಟುಹಾಳೆ ಅರ್ಧ ಸುರುಳಿ ಇದೆ, ಮಗನ ಪುಸ್ತಕಗಳಿಗಾಯ್ತು.