ಔಷಧ ಮಾಹಿತಿ ಸೇವೆ: ಹಣವಿಲ್ಲದ ಆಸ್ಪತ್ರೆಯಲ್ಲಿ ಆಧಾರಸಹಿತ ಉತ್ತರ ಕೊಡುವುದು ಹೇಗೆ?

ಪ್ರಶ್ನೆ: ಫಾರ್ಮಸಿಸ್ಟ್, ಯಾದಗಿರಿ ಜಿಲ್ಲೆ

ಮಾನ್ಯರೇ, ನಾನು ಯಾದಗಿರಿ ಜಿಲ್ಲೆಯ ಒಂದು ಆಸ್ಪತ್ರೆಯ ಫಾರ್ಮಸಿಯಲ್ಲಿದ್ದೇನೆ. ಇಂಡೆಂಟ್, ದಾಸ್ತಾನು, ವಿತರಣೆಯ ನಡುವೆಯೇ ವಾರ್ಡುಗಳಿಂದ ಫೋನ್ ಬರುತ್ತಿರುತ್ತದೆ. ಆರ್‌ಎಲ್ (ರಿಂಗರ್ ಲ್ಯಾಕ್ಟೇಟ್ ಡ್ರಿಪ್) ಹೋಗುತ್ತಿರುವ ರೋಗಿಗೆ ಸೆಫ್ಟ್ರಿಯಾಕ್ಸೋನ್ ಎಂಬ ಆ್ಯಂಟಿಬಯೋಟಿಕ್ ಹಾಕಬಹುದೇ, ಹಾಲುಣಿಸುವ ತಾಯಿಗೆ ಈ ಮಾತ್ರೆ ನಡೆಯುತ್ತದೆಯೇ, ಹತ್ತಿಗೆ ಹೊಡೆಯುವ ಎಣ್ಣೆ (ಕೀಟನಾಶಕ) ಕುಡಿದು ಬಂದವರಿಗೆ ಪಾಮ್ (ಪ್ರಾಲಿಡಾಕ್ಸಿಮ್ ಎಂಬ ಪ್ರತಿವಿಷ) ಎಷ್ಟು ಕೊಡಬೇಕು ಎಂದು ಕೇಳುತ್ತಾರೆ. ಸದ್ಯಕ್ಕೆ ಪ್ಯಾಕಿನೊಳಗಿನ ಚೀಟಿ, ಮೊಬೈಲಿನ ಹುಡುಕಾಟ ಮತ್ತು ರೆಪ್‌ಗಳು (ಔಷಧ ಕಂಪನಿಗಳ ಪ್ರತಿನಿಧಿಗಳು) ಬಿಟ್ಟುಹೋದ ಪುಸ್ತಿಕೆಗಳೇ ನಮಗೆ ಆಧಾರ. ಇಂಥ ಪ್ರಶ್ನೆಗಳಿಗೆ ಉತ್ತರಿಸುವ ಔಷಧ ಮಾಹಿತಿ ಕೇಂದ್ರವೊಂದನ್ನು ಆರಂಭಿಸಲು ಮೇಲಿನವರು ಒಪ್ಪಿದ್ದಾರೆ. ಆದರೆ ಒಂದು ಟೇಬಲ್ಲು, ಒಂದು ಕಂಪ್ಯೂಟರ್ ಬಿಟ್ಟರೆ ಬೇರೇನೂ ಸಿಗುವಂತಿಲ್ಲ. ಚಂದಾ ಕಟ್ಟುವ ಡೇಟಾಬೇಸ್‌ಗಳಿಲ್ಲದೆ ಈ ಸೇವೆಯನ್ನು ನಂಬಿಕೆಗೆ ಯೋಗ್ಯವಾಗಿ ನಡೆಸಲು ಸಾಧ್ಯವೇ? ಅನುಭವವಿದ್ದವರು ತಿಳಿಸಬೇಕಾಗಿ ವಿನಂತಿ.

ಉತ್ತರ 1: ಕ್ಲಿನಿಕಲ್ ಫಾರ್ಮಸಿಸ್ಟ್, ಕಲಬುರಗಿ

ಸಾಧ್ಯ ಸರ್. ಡೇಟಾಬೇಸ್ ಇದ್ದರೆ ಅನುಕೂಲ ನಿಜ, ಆದರೆ ಸೇವೆ ಕೆಡುವುದು ಬಹುಪಾಲು ಅದರ ಕೊರತೆಯಿಂದಲ್ಲ, ಪ್ರಶ್ನೆಯನ್ನು ಅರ್ಧಕ್ಕೇ ಕೇಳಿಸಿಕೊಂಡು ಉತ್ತರ ಕೊಡುವುದರಿಂದ. ಅಮೆರಿಕದ ಕೆಂಟಕಿ ವಿಶ್ವವಿದ್ಯಾಲಯದಲ್ಲಿ 1962ರಲ್ಲಿ ಮೊದಲ ಔಷಧ ಮಾಹಿತಿ ಕೇಂದ್ರ ಆರಂಭವಾಯಿತು. ಕೇಳಿದವರು ಯಾರು, ರೋಗಿಯ ಹಿನ್ನೆಲೆ ಏನು, ನಿಜವಾಗಿ ತಿಳಿಯಬೇಕಾದುದು ಯಾವುದು ಎಂಬುದನ್ನು ಮೊದಲು ಖಚಿತಪಡಿಸಿಕೊಂಡು ಆಮೇಲೆ ಹುಡುಕಬೇಕು ಎನ್ನುವ ಕ್ರಮಬದ್ಧ ವಿಧಾನ 1975ರ ಹೊತ್ತಿಗೇ ರೂಪುಗೊಂಡಿತ್ತು. ಇಂದಿಗೂ ಫಾರ್ಮ್ ಡಿ (ಡಾಕ್ಟರ್ ಆಫ್ ಫಾರ್ಮಸಿ) ವಿದ್ಯಾರ್ಥಿಗಳಿಗೆ ನಾವು ಕಲಿಸುವುದು ಅದನ್ನೇ.

ತಾವು ಹೇಳಿದ ಸೆಫ್ಟ್ರಿಯಾಕ್ಸೋನ್ ಪ್ರಶ್ನೆಯನ್ನೇ ನೋಡಿ. ಆರ್‌ಎಲ್‌ನಲ್ಲಿರುವ ಕ್ಯಾಲ್ಸಿಯಂ ಜೊತೆ ಸೇರಿದರೆ ಈ ಔಷಧ ಗಸಿಗಟ್ಟುತ್ತದೆ. ನವಜಾತ ಶಿಶುಗಳಲ್ಲಿ ಸಾವು ಸಂಭವಿಸಿದ ವರದಿಗಳ ಹಿನ್ನೆಲೆಯಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2007ರಲ್ಲಿ, ಯಾವ ವಯಸ್ಸಿನವರಿಗೇ ಆಗಲಿ ಇವೆರಡರ ನಡುವೆ 48 ಗಂಟೆಗಳ ಅಂತರ ಇರಬೇಕೆಂದು ಹೇಳಿತು. ಪ್ರಯೋಗಾಲಯದ ಅಧ್ಯಯನಗಳು ಬಂದ ಮೇಲೆ 2009ರಲ್ಲಿ ಆ ಸಲಹೆ ಬದಲಾಯಿತು. 28 ದಿನದೊಳಗಿನ ಶಿಶುಗಳಿಗೆ ನಿಷೇಧ ಹಾಗೆಯೇ ಉಳಿಯಿತು, ಬೇರೆ ಬೇರೆ ಲೈನ್‌ನಲ್ಲಿ (ಡ್ರಿಪ್ ನಳಿಕೆಯಲ್ಲಿ) ಕೊಡುವುದಾದರೂ ಕೂಡದು. ಅದಕ್ಕಿಂತ ದೊಡ್ಡವರಿಗೆ ಎರಡನ್ನೂ ಒಟ್ಟಿಗೆ ಒಂದೇ ಲೈನ್‌ನಲ್ಲಿ ಬಿಡದೆ, ನಡುವೆ ಹೊಂದುವ ದ್ರಾವಣದಿಂದ ಲೈನ್ ಚೆನ್ನಾಗಿ ತೊಳೆದು, ಒಂದಾದ ಮೇಲೊಂದು ಕೊಡಬಹುದು. ಹೀಗಿರುವಾಗ ‘48 ಗಂಟೆ’ ಎಂದು ಗೋಡೆಗೆ ಅಂಟಿಸಿದ ಹಳೆಯ ಚಾರ್ಟ್ ಒಂದು ಕಾಲಕ್ಕೆ ಆಧಾರಸಹಿತವೇ ಆಗಿತ್ತು, ಈಗ ಅಲ್ಲ. ಆದ್ದರಿಂದ ಪ್ರತಿ ಉತ್ತರದ ಮೇಲೂ ದಿನಾಂಕ ಮತ್ತು ಆಧಾರ ಬರೆಯಿರಿ. ಮಗುವಿನ ವಯಸ್ಸು ಕೇಳದೆ ಉತ್ತರಿಸಬೇಡಿ.

ಹಣವಿಲ್ಲದೆ ಸಿಗುವ ಆಧಾರಗಳು ಸಾಕಷ್ಟಿವೆ. ಭಾರತೀಯ ಔಷಧ ಸಂಹಿತೆ ಆಯೋಗದ ರಾಷ್ಟ್ರೀಯ ಫಾರ್ಮ್ಯುಲರಿಯ (ಔಷಧಗಳ ಬಳಕೆ, ಪ್ರಮಾಣ ತಿಳಿಸುವ ಕೈಪಿಡಿಯ) ಒಂದು ಪ್ರತಿಯನ್ನು ಮಾತ್ರ ಖರೀದಿಸಿಟ್ಟುಕೊಳ್ಳಿ. ಹಾಲುಣಿಸುವವರ ಪ್ರಶ್ನೆಗೆ ಲ್ಯಾಕ್ಟ್‌ಮೆಡ್, ಯಕೃತ್ತಿನ ತೊಂದರೆಗೆ ಲಿವರ್‌ಟಾಕ್ಸ್, ಲೇಬಲ್ ನೋಡಲು ಡೈಲಿಮೆಡ್, ಮೂಲ ಸಂಶೋಧನೆಗೆ ಪಬ್‌ಮೆಡ್ ಎಂಬ ಉಚಿತ ಜಾಲತಾಣಗಳಿವೆ. ಸಂಶೋಧನೆಯ ಸಾರಾಂಶವನ್ನಷ್ಟೇ ಓದಿ ಉತ್ತರ ಬರೆಯುವ ಅಭ್ಯಾಸ ಮಾತ್ರ ಬೇಡ. ಸಮೀಪದ ಸರ್ಕಾರಿ ವೈದ್ಯಕೀಯ ಕಾಲೇಜಿನ ಗ್ರಂಥಾಲಯವನ್ನೂ ವಿಚಾರಿಸಿ. 2025ರ ಜನವರಿಯಿಂದ ಜಾರಿಯಾಗಿರುವ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಯಲ್ಲಿ ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಬಹಳಷ್ಟು ಜರ್ನಲ್‌ಗಳು ತೆರೆದಿವೆ.

ಉತ್ತರ 2: ವೈದ್ಯೆ, ಮೆಡಿಸಿನ್ ವಿಭಾಗ, ಬೀದರ್

ಮೇಲಿನವರ ಮಾತಿಗೆ ನನ್ನ ಒಪ್ಪಿಗೆ ಇದೆ. ಆದರೆ ಪ್ರಶ್ನೆ ಕೇಳುವವರ ಕಡೆಯಿಂದ ಒಂದು ಮಾತು ಹೇಳಬೇಕು. ನಮಗೆ ಬೇಕಾದುದು ಉತ್ತರ ಮಾತ್ರವಲ್ಲ, ಆ ಉತ್ತರ ಎಷ್ಟು ಗಟ್ಟಿ ಎನ್ನುವುದೂ ಬೇಕು.

ಪಾಮ್ ಇದಕ್ಕೆ ಒಳ್ಳೆಯ ಉದಾಹರಣೆ. ನಮ್ಮ ನೆರೆಯ ಮಹಾರಾಷ್ಟ್ರದ ಬಾರಾಮತಿಯಲ್ಲಿ ನಡೆದು 2006ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೆಚ್ಚಿನ ಪ್ರಮಾಣದಲ್ಲಿ ನಿರಂತರವಾಗಿ ಹನಿಸಿದ ಪಾಮ್‌ನಿಂದ ಪ್ರಯೋಜನ ಕಂಡಿತು. ಶ್ರೀಲಂಕಾದಲ್ಲಿ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿದ ಪ್ರಮಾಣದಲ್ಲೇ ಕೊಟ್ಟರೂ ಪ್ರಯೋಜನ ಕಾಣಲಿಲ್ಲ. 2011ರ ಕಾಕ್ರೇನ್ ವಿಮರ್ಶೆ (ನಡೆದ ಅಧ್ಯಯನಗಳನ್ನೆಲ್ಲ ಒಟ್ಟಿಗೆ ತೂಗಿ ನೋಡುವ ವರದಿ), ಹೌದು ಅಥವಾ ಇಲ್ಲ ಎನ್ನಲು ಈಗಿರುವ ಪುರಾವೆ ಸಾಲದು ಎಂದಿತು. ಮೊದಲನೆಯದನ್ನು ಮಾತ್ರ ಉಲ್ಲೇಖಿಸಿದ ಫಾರ್ಮಸಿಸ್ಟ್ ಸುಳ್ಳು ಹೇಳಿದಂತಾಗುವುದಿಲ್ಲ, ಆದರೆ ಕೇಳಿದವರು ದಾರಿ ತಪ್ಪುತ್ತಾರೆ. ಇಲ್ಲಿಯೂ ಹಿನ್ನೆಲೆ ಮುಖ್ಯ: ಡೈಮೀಥೋಯೇಟ್ ಗುಂಪಿನ ಕೀಟನಾಶಕದ ವಿಷದಲ್ಲಿ ಪಾಮ್ ಕೆಲಸಕ್ಕೆ ಬರುವ ಅವಧಿ ಕೆಲವೇ ಗಂಟೆ, ಕ್ಲೋರ್‌ಪೈರಿಫಾಸ್ ಗುಂಪಿನಲ್ಲಿ ಅದು ಸಾಕಷ್ಟು ದೀರ್ಘ. ಆದ್ದರಿಂದ ಬಾಟಲಿಯ ಮೇಲಿನ ಹೆಸರೇನು, ಕುಡಿದು ಎಷ್ಟು ಹೊತ್ತಾಯಿತು ಎಂದು ತಾವೇ ಮರುಪ್ರಶ್ನೆ ಹಾಕಬೇಕು. ತೊಗರಿ, ಹತ್ತಿಗೆ ಸಿಂಪಡಣೆ ನಡೆಯುವ ತಿಂಗಳುಗಳಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ಒಂದು ಪುಟದ ಉತ್ತರವನ್ನು ಈಗಲೇ ಸಿದ್ಧಪಡಿಸಿ, ಮೆಡಿಸಿನ್ ವಿಭಾಗದವರಿಂದ ನೋಡಿಸಿ ಇಟ್ಟುಕೊಳ್ಳಿ. ಇದೇ ವಿಷಕ್ಕೆ ಕೊಡುವ ಮುಖ್ಯ ಔಷಧವಾದ ಅಟ್ರೋಪಿನ್ ವಿಷಯದಲ್ಲಿ ಇಂಥ ಗೊಂದಲವಿಲ್ಲ. ಪಾಮ್ ಚರ್ಚೆಯಲ್ಲಿ ಅದು ತಡವಾಗಬಾರದು ಎಂಬುದನ್ನು ಮೊದಲ ಸಾಲಿನಲ್ಲೇ ಬರೆಯಿರಿ.

ಇನ್ನೊಂದು ವಿಷಯ. ತುರ್ತು ಪ್ರಶ್ನೆಗೆ ಮೊದಲು ಫೋನಿನಲ್ಲಿ ಎರಡು ವಾಕ್ಯ ಸಾಕು, ಬರಹದ ಉತ್ತರ ಸಂಜೆಗೆ ಬಂದರೂ ಆದೀತು. ಮೂರು ಪುಟದ ಟಿಪ್ಪಣಿಯನ್ನು ರಾತ್ರಿ ಪಾಳಿಯ ಡಾಕ್ಟರ್ ಓದುವುದಿಲ್ಲ.

ಉತ್ತರ 3: ನಿವೃತ್ತ ಮುಖ್ಯ ಫಾರ್ಮಸಿಸ್ಟ್, ಕಲಬುರಗಿ

ಟೇಬಲ್ಲಿಗಿಂತ ಮೊದಲು ಒಂದು ರಿಜಿಸ್ಟರ್ ಇಡಿ ಎನ್ನುವುದು ನನ್ನ ಸಲಹೆ. ಪ್ರಶ್ನೆ, ಕೇಳಿದವರು, ಸಮಯ, ರೋಗಿಯ ವಿವರ, ಕೊಟ್ಟ ಉತ್ತರ, ಆಧಾರ, ಕೊನೆಗೆ ರೋಗಿಗೆ ಏನಾಯಿತು: ಈ ಕೊನೆಯ ಕಾಲಂ ಬಹುತೇಕ ಕಡೆ ಖಾಲಿ ಇರುತ್ತದೆ. ಅದನ್ನು ತುಂಬಿದವರಿಗೆ ಮಾತ್ರ ತಮ್ಮ ಸೇವೆ ಸುಧಾರಿಸಿದೆಯೇ ಎಂದು ಹೇಳುವ ಹಕ್ಕು ಬರುತ್ತದೆ. ಔಷಧದ ಅಡ್ಡಪರಿಣಾಮ ಕಂಡರೆ ಅದೇ ರಿಜಿಸ್ಟರ್‌ನಿಂದ ರಾಷ್ಟ್ರೀಯ ಫಾರ್ಮಕೋವಿಜಿಲೆನ್ಸ್ (ಔಷಧ ಸುರಕ್ಷತೆಯ ನಿಗಾ) ಕಾರ್ಯಕ್ರಮಕ್ಕೆ ವರದಿ ಕಳುಹಿಸಿ, 1800-180-3024 ಅದರ ಉಚಿತ ಸಹಾಯವಾಣಿ.

ನಮ್ಮ ಕಡೆಯ ಬಿಸಿಲಿನ ಪ್ರಶ್ನೆಗಳನ್ನೂ ಮರೆಯಬೇಡಿ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ಕರೆಂಟ್ ಹೋಗಿ ಫ್ರಿಜ್ ನಿಂತಾಗ, 2ರಿಂದ 8 ಡಿಗ್ರಿಯಲ್ಲಿ ಇರಬೇಕಾದ ಆಕ್ಸಿಟೋಸಿನ್ (ಹೆರಿಗೆಯಲ್ಲಿ ಕೊಡುವ ಚುಚ್ಚುಮದ್ದು), ಇನ್ಸುಲಿನ್ ಬಳಸಬಹುದೇ ಎಂದು ಸಿಸ್ಟರ್‌ಗಳು ಕೇಳುತ್ತಾರೆ. ಇದಕ್ಕೆ ಪುಸ್ತಕದ ಉತ್ತರ ಸಾಲದು. ಎಷ್ಟು ಡಿಗ್ರಿ, ಎಷ್ಟು ಗಂಟೆ ಎಂಬ ದಾಖಲೆ ತೆಗೆದು ತಯಾರಕರಿಂದ ಸ್ಥಿರತೆಯ ಮಾಹಿತಿಯನ್ನು ಲಿಖಿತವಾಗಿ ಪಡೆಯಬೇಕು, ಬರುವವರೆಗೆ ಆ ಬ್ಯಾಚನ್ನು ಬೇರೆ ಇಡಬೇಕು.

ಆಡಳಿತದವರು ಇದೇನು ಹೊಸದು ಎಂದರೆ, 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಾವಳಿಯಲ್ಲೇ ಔಷಧ ಮಾಹಿತಿ ಫಾರ್ಮಸಿಸ್ಟ್ ಎಂಬ ಹುದ್ದೆಯ ಉಲ್ಲೇಖವಿದೆ ಎಂದು ತೋರಿಸಿ. ಬೆಂಗಳೂರಿನಲ್ಲಿ ರಾಜ್ಯ ಫಾರ್ಮಸಿ ಪರಿಷತ್ತಿನ ಔಷಧ ಮಾಹಿತಿ ಕೇಂದ್ರವೂ ಇದೆ. ತಮಗೆ ಬಗೆಹರಿಯದ ಪ್ರಶ್ನೆಯನ್ನು ಅಲ್ಲಿಗೆ ಕಳುಹಿಸಬಹುದು.

ಪ್ರಶ್ನೆ ಕೇಳಿದವರು

ಮೂವರಿಗೂ ವಂದನೆಗಳು. ಒಂದೇ ಸಂಶಯ ಉಳಿದಿದೆ. ನಾವು ಕೊಟ್ಟ ಉತ್ತರ ಹಿರಿಯ ವೈದ್ಯರ ಚಾಲ್ತಿ ಪದ್ಧತಿಗೆ ವಿರುದ್ಧವಾಗಿದ್ದರೆ ಏನು ಮಾಡಬೇಕು?

ಉತ್ತರ: ವೈದ್ಯೆ, ಬೀದರ್

ರೋಗಿಗೆ ತಕ್ಷಣ ಅಪಾಯವಿದ್ದರೆ ಆಗಲೇ ಅವರಿಗೇ ಫೋನ್ ಮಾಡಿ, ಸಿಸ್ಟರ್ ಮೂಲಕ ಹೇಳಿಕಳುಹಿಸಬೇಡಿ. ಅಪಾಯವಿಲ್ಲದಿದ್ದರೆ ಮೂಲ ಲೇಖನದ ಪ್ರತಿಯೊಂದಿಗೆ ಆಸ್ಪತ್ರೆಯ ಔಷಧ ಸಮಿತಿಯ ಮುಂದಿಡಿ. ಔಷಧ ಬರೆಯುವ ನಿರ್ಧಾರ ವೈದ್ಯರದ್ದೇ. ಆದರೆ ತಾವು ಕೊಟ್ಟ ಉತ್ತರವನ್ನು ಯಾರ ಮುಲಾಜಿಗೂ ತಿದ್ದದೆ ರಿಜಿಸ್ಟರ್‌ನಲ್ಲಿ ಇದ್ದಂತೆಯೇ ಉಳಿಸಿ.